ದುಡ್ಡಿಗೆ ಕಾನೂನಿದೆ, ಟೈಮಿಗೆ?

ಹುಲಿಯೂರುದುರ್ಗದ ಹುಡುಗನೊಬ್ಬ ದಿನಾ ಮಿಷನ್ ಮುಗಿಸಿ, ವಾರಗಟ್ಟಲೆ ಕಾದು, ಬಿಜಿಎಂಐನಲ್ಲಿ ಒಂದು ಔಟ್‌ಫಿಟ್ ಗಳಿಸ್ತಾನೆ ಅಂದ್ಕೊಳ್ಳಿ. ಗೇಮರ್‌ಗಳ ಭಾಷೆಯಲ್ಲಿ ಇದು 'ಗ್ರೈಂಡಿಂಗ್'. ಇದು ಯಾವ ಕಾನೂನಿಗೂ ಕಾಣಲ್ಲ.

ಕರ್ನಾಟಕದ 2021ರ ತಿದ್ದುಪಡಿ ಹಿಡಿಯಹೊರಟದ್ದು ಪಣದ ದುಡ್ಡನ್ನು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದೂ ದುಡ್ಡು ಕಟ್ಟಿ ಆಡುವ ಆಟಗಳನ್ನೇ.

ಸಮಯಕ್ಕೆ ಮಿತಿ ಹಾಕೋಕಾಗಲ್ವಾ? ಆಗುತ್ತೆ. 2023ರ ಮೇನಲ್ಲಿ ಬಿಜಿಎಂಐ ವಾಪಸ್ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಅಂತ ಮಿತಿಯಿತ್ತು.

ಆದ್ರೆ ಮಿತಿಯಷ್ಟೇ ಸಾಲದು. ಆಟ ನಿಂತ ದಿನ ಆ ಹುಡುಗನ ನೂರಾರು ಗಂಟೆ ಸೊನ್ನೆ. ನಿಷೇಧ ಬೇಡ. ಬಹುಮಾನಕ್ಕೆ ಎಷ್ಟು ಗಂಟೆ ಬೇಕು, ಅದು ಕೊನೆಗೆ ಯಾರದು ಅನ್ನೋದನ್ನ ಕಂಪನಿಗಳು ಮೊದಲೇ ಹೇಳಲಿ.