ಹಾಡಿಗೂ ಮಡಿಮೈಲಿಗೆಯೇ?

ಮಲಪ್ರಭೆಯ ದಂಡೆಯ ಶಿವಯೋಗಮಂದಿರದಿಂದ ಬಾದಾಮಿಯ ಮೊದಲನೆಯ ಗುಹೆಗೆ ದಾರಿ ಬಹು ದೂರದ್ದಲ್ಲ. ಅಲ್ಲಿಯ ಬಂಡೆಯಲ್ಲಿ ಹದಿನೆಂಟು ತೋಳುಗಳ ನಟರಾಜನು ಚಾಲುಕ್ಯರ ಕಾಲದಿಂದಲೂ ಕುಣಿಯುತ್ತಲಿರುವನು. ಮಗ್ಗುಲಲ್ಲಿ ಮದ್ದಳೆಯವನೂ ಇರುವನು. ಬಂದ ಅತಿಥಿಗಳಿಗೆ ಅದನ್ನು ಅಭಿಮಾನದಿಂದ ತೋರಿಸುವ ಸುಶಿಕ್ಷಿತರೇ, ಮನೆಯ ಮಕ್ಕಳು ಕುಣಿತದ ಹಾಡೊಂದನ್ನು ಗುನುಗಿದರೆ ಮೂಗು ಮುರಿಯುವರು. ಕಲ್ಲಿನಲ್ಲಿ ಕುಣಿದರೆ ಕಲೆ, ಕಾಲಿನಲ್ಲಿ ಕುಣಿದರೆ ಕೇಡು ಎಂಬ ಈ ವಿಧಿಯು ಯಾವ ಶಾಸ್ತ್ರದಲ್ಲಿರುವುದು?

ಈ ಮಡಿವಂತಿಕೆಯಿಂದ ಜಿಲ್ಲೆಗೆ ಆದ ನಷ್ಟವು ಸಣ್ಣದಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ತಮ್ಮ ಹೆಸರಿನಲ್ಲಿಯೇ ನಾಡನ್ನು ಹೊತ್ತು ಮುಂಬಯಿಗೆ ಹೋದವರು. 1943ರ ‘ಕಿಸ್ಮತ್’ ಚಿತ್ರದಲ್ಲಿ ಅವರ ಕಂಠವಿತ್ತು. ಆ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. 1950ರ ‘ಸಮಾಧಿ’ ಚಿತ್ರಕ್ಕಾಗಿ ಸಿ. ರಾಮಚಂದ್ರರು ಹೊಂದಿಸಿದ ಕುಣಿತದ ಗೀತವೊಂದನ್ನು ಅಮೀರಬಾಯಿಯವರು ಲತಾ ಮಂಗೇಶಕರರ ಜೊತೆ ಹಾಡಿದರು. ಅದರ ಧ್ವನಿಮುದ್ರಿಕೆಯು ದೇಶವನ್ನೆಲ್ಲ ಸುತ್ತಿತು. 1965ರಲ್ಲಿ ಅವರು ತೀರಿಕೊಂಡರು. ಹಾಡು ಮಾತ್ರ ಇಂದಿಗೂ ಜನರ ಬಾಯಲ್ಲಿದೆ. ರಹಮತ್ ತರೀಕೆರೆಯವರು ಅವರ ಮೇಲೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿರುವರು. ಆದರೂ ಜಿಲ್ಲೆಯ ಸಂಗೀತದ ಮಾತು ಬಂದಾಗ ಪಂಡಿತರು ಈ ಹೆಸರನ್ನು ಹಾರಿಸಿ ಮುಂದೆ ಹೋಗುವರು.

ಅವರ ಆಕ್ಷೇಪಣೆಗಳು ಮೂರು. ಧಾಟಿಯು ಪರದೇಶದ್ದೆಂಬುದು ಮೊದಲನೆಯದು. ಆ ಗೀತಕ್ಕೆ 1945ರ ‘ಡಾಲ್ ಫೇಸ್’ ಎಂಬ ಅಮೇರಿಕೆಯ ಚಿತ್ರದ ಹಾಡೊಂದು ಸ್ಫೂರ್ತಿಯಾದುದು ನಿಜ. ಆದರೆ ಹೀಗೆ ಆಕ್ಷೇಪಿಸುವವರ ಭಜನೆಯಲ್ಲಿ ನುಡಿಯುವ ಹಾರ್ಮೋನಿಯಮ್ ಎಲ್ಲಿಂದ ಬಂದಿತು? ದಕ್ಷಿಣದ ಕಚೇರಿಯಲ್ಲಿ ಗಾಯಕನ ಬೆನ್ನಿಗಿರುವ ಪಿಟೀಲು ಎಲ್ಲಿಯದು? ವಾದ್ಯವು ಬೇಕು, ಧಾಟಿಯು ಬೇಡ ಎಂಬುದು ಅರ್ಧಜರತೀ ನ್ಯಾಯವಲ್ಲದೆ ಮತ್ತೇನು?

ಎರಡನೆಯದು, ಮೂರು ನಿಮಿಷದ ತಟ್ಟೆಯಲ್ಲಿ ವಿದ್ಯೆಯೆಲ್ಲಿಯದು ಎಂಬುದು. ಅಬ್ದುಲ್ ಕರೀಮ್ ಖಾನರ ಠುಮರಿಯ ತಟ್ಟೆಯನ್ನು ಕೇಳಿದ ಗದಗಿನ ಬಾಲಕನೊಬ್ಬನು 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಹೋದನು. ಅವನೇ ಮುಂದೆ ಭೀಮಸೇನ ಜೋಶಿಯಾದನು. ವಚನಗಳ ನಾಡಿನಲ್ಲಿ ಅಳತೆಯನ್ನು ನೋಡಿ ಬೆಲೆ ಕಟ್ಟುವುದು ಶೋಭಿಸದು.

ಮೂರನೆಯದೇ ಮುಖ್ಯವಾದುದು: ಲಯವು ಕಾಲನ್ನು ಕುಣಿಸುವುದು, ಮನಸ್ಸನ್ನು ಕೆಡಿಸುವುದು ಎಂಬುದು. ಗೀತ, ವಾದ್ಯ, ನೃತ್ತಗಳು ಮೂರೂ ಕೂಡಿದರೇನೇ ಸಂಗೀತವೆಂಬುದು ಶಾರ್ಙ್ಗದೇವನ ಮತ. ಅಮೇರಿಕೆಯಲ್ಲಿ ಆಫ್ರಿಕಾ ಮೂಲದ ಜನರ ಹಾಡಿನ ಮೇಲೂ ಇದೇ ದೂಷಣೆಯಿತ್ತು. 1967ರಲ್ಲಿ ಜೇಮ್ಸ್ ಬ್ರೌನನ ‘ಕೋಲ್ಡ್ ಸ್ವೆಟ್’ ಎಂಬ ತಟ್ಟೆಯು ಅಲ್ಲಿಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನೂ, ಸರ್ವಸಾಮಾನ್ಯ ಪಟ್ಟಿಯಲ್ಲಿ 7ನೆಯದನ್ನೂ ಪಡೆಯಿತು. ಸ್ವರವಿಸ್ತಾರವು ಅದರಲ್ಲಿ ಅತ್ಯಲ್ಪ. ಭಾರವೆಲ್ಲ ಆವರ್ತದ ಮೊದಲ ಪೆಟ್ಟಿನ ಮೇಲೆ. ಫಂಕ್ ಎಂದು ಅವರು ಕರೆಯುವ ಈ ಪದ್ಧತಿಯ ಗುಟ್ಟು, ತಬಲೆ ಬಲ್ಲವರಿಗೆ ‘ಸಮ’ ಎಂದರೆ ಸಾಕು, ತಿಳಿದೀತು. ಆದರೆ ಅದರಲ್ಲಿ ತಾಳವನ್ನು ನುಡಿಸಿದ ಕ್ಲೈಡ್ ಸ್ಟಬಲ್‌ಫೀಲ್ಡನ ಗತಿಯೇನಾಯಿತು? 1970ರ ಇನ್ನೊಂದು ತಟ್ಟೆಯಲ್ಲಿ ಅವನು ಬಾರಿಸಿದ ಕೆಲವೇ ಆವರ್ತಗಳನ್ನು ಅಸಂಖ್ಯಾತ ಹಾಡುಗಳು ಎತ್ತಿಕೊಂಡವು. ಅವನ ಕೈಗೆ ಹತ್ತಿದುದು ಅತ್ಯಲ್ಪ. ಹಾಡನ್ನು ಸವಿದು ಹಾಡಿದವರನ್ನು ಮರೆಯುವ ದೋಷವು ಬೀಳಗಿಗೊಂದೇ ಸೇರಿದುದಲ್ಲ. ಹಾಗೆಂದು ಅದು ಗುಣವೂ ಆಗದು.

ಎಲ್ಲ ಸದ್ದೂ ಹಾಡೆಂದು ಇದರ ತಾತ್ಪರ್ಯವಲ್ಲ. ಜಾತ್ರೆಯಲ್ಲಿ ಎದೆ ನಡುಗಿಸುವ ಬಾಡಿಗೆಯ ಪೆಟ್ಟಿಗೆಗಳು ಕರಡಿ ಮಜಲಿನವರ ಅನ್ನವನ್ನು ಕಸಿಯುತ್ತಿರುವುದು ಖಂಡನೀಯವೇ. ಆದರೆ ಅದು ಪೆಟ್ಟಿಗೆಯನ್ನು ತರಿಸಿದವರ ತಪ್ಪು, ಹಾಡಿನದಲ್ಲ. ಕರಡಿಯ ಪೆಟ್ಟೂ ಕಾಲನ್ನು ಕುಣಿಸುವಂಥದೇ.

1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ವಿರಕ್ತರು. ಆದರೂ ಕಣ್ಣಿಲ್ಲದ ಬಾಲಕನ ಕಂಠವನ್ನು ಕೇಳಿ ಅವನಿಗೆ ವಿದ್ಯೆಯನ್ನು ಕೊಡಿಸಿದರು. ಅವನೇ ಹಿಂದುಸ್ತಾನಿ, ಕರ್ನಾಟಕ ಎಂಬೆರಡೂ ಪದ್ಧತಿಗಳಲ್ಲಿ ವಿಶಾರದರೆನಿಸಿದ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದಗಿನ ಆಶ್ರಮದ ಅಂಧ ಮಕ್ಕಳ ಹೊಟ್ಟೆಗಾಗಿ ನಾಟಕ ಕಂಪನಿಯನ್ನು ನಡೆಸಿದರು. ಜನರು ಸಿಳ್ಳೆ ಹಾಕಿ ಮೆಚ್ಚಿದ ರಂಗಗೀತಗಳೇ ಶುದ್ಧ ಸಂಗೀತದ ಪಾಠಶಾಲೆಗೆ ಜೋಳದ ರೊಟ್ಟಿಯನ್ನು ಒದಗಿಸಿದವು. ವಿರಕ್ತರಿಗೂ ಗವಾಯಿಗಳಿಗೂ ಇಲ್ಲದ ಮೈಲಿಗೆಯು ಪೆನ್ಶನ್ನಿನ ಪಂಡಿತರಿಗೆ ಎಲ್ಲಿಂದ ಅಂಟಿತು?

ಮುಂದಿನ ಸಲ ಅತಿಥಿಗಳಿಗೆ ನಟರಾಜನನ್ನು ತೋರಿಸಿ ಮನೆಗೆ ಮರಳಿದ ಮೇಲೆ, ಬೀಳಗಿಯ ಆ ಹೆಣ್ಣುಮಗಳ ಹಾಡನ್ನೂ ಒಮ್ಮೆ ಕೇಳಿಸಲಿ. ಹಾಡಿದವರು ಯಾರ ಮನೆಯವರೆಂದು ಮಕ್ಕಳಿಗೆ ಹೇಳಲಿ. ಆಗ ಮಕ್ಕಳ ಕಾಲು ತಾಳ ಹಾಕಿದರೆ ಗದರಿಸದಿರಲಿ. ಆ ಗುಹೆಯಲ್ಲಿರುವ ದೇವರೂ ಅದನ್ನೇ ಮಾಡುತ್ತಿರುವನು.