ಒರಗಿ ತುಳಿಯುವ ಸೈಕಲ್: ಕೂರುವ ಜಾಗ ನೋಯದಿರಲು



ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರನ್ನು ಫಿಸಿಯೋಥೆರಪಿ ಕೋಣೆಯಲ್ಲಿ ಕುರ್ಚಿಯಂಥ ಸೀಟಿಗೆ ಒರಗಿಸಿ, ಕಾಲು ಮುಂದಕ್ಕೆ ಚಾಚಿಸಿ ಪೆಡಲ್ ತುಳಿಸುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು ನಿಂತಲ್ಲೇ ತಿರುಗುವ ಯಂತ್ರ. ಇದೇ ಬಗೆಯಲ್ಲಿ ಒರಗಿ ತುಳಿಯುತ್ತಾ ರಸ್ತೆಯಲ್ಲಿ ಸಾಗುವ ಸೈಕಲ್ಲೂ ಇದೆ. ಎರಡಕ್ಕೂ ರಿಕಂಬೆಂಟ್ ಎಂದು ಹೆಸರು. ನಾವು ಒರಗು ಸೈಕಲ್ ಎನ್ನೋಣ.

ಇದು ಹೊಸ ಸೋಜಿಗವೇನಲ್ಲ. ಫ್ರಾನ್ಸಿನ ಶಾರ್ಲ್ ಮೊಶೆ ಎಂಬವರು ತಯಾರಿಸಿದ ಒರಗು ಸೈಕಲನ್ನು ತುಳಿದು ಫ್ರಾನ್ಸಿಸ್ ಫೋರ್ 1933ರಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಕ್ರಮಿಸಿದರು. 1914ರಿಂದ ಉಳಿದುಬಂದಿದ್ದ ದಾಖಲೆ ಅಂದು ಮುರಿಯಿತು. ಆದರೆ ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಸ್ಪರ್ಧೆಯ ಸೈಕಲ್ ಹೀಗೇ ಇರಬೇಕೆಂದು ನಿಯಮ ಮಾಡಿ ಇದನ್ನು ಹೊರಗಿಟ್ಟಿತು.

ಕುತ್ತಿಗೆ, ಮಣಿಕಟ್ಟು ನೋಯುವವರಿಗೆ ಈ ಸೈಕಲ್ ಹಿತವೆಂಬುದು ನಿಜ. ಆದರೂ ಕೆಲವರು ಒಂದೆರಡು ವಾರ ತುಳಿದು, “ಕೂರುವ ಜಾಗ ನೋಯುತ್ತದೆ” ಎಂದು ಬಿಟ್ಟುಬಿಡುತ್ತಾರೆ. ಮೊಣಕಾಲಿನ ಚಿಕಿತ್ಸೆಯಾದವರು ಹೀಗೆ ವ್ಯಾಯಾಮ ಬಿಟ್ಟರೆ ಕಾಲು ಮತ್ತೆ ಬಿಗಿಯುತ್ತದೆ. ಖರ್ಚು ಮಾಡಿದ ಹಣ, ಪಟ್ಟ ಪಾಡು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನೋವು ಏಕೆ?

ಸಾಮಾನ್ಯ ಸೈಕಲ್ಲಿನಲ್ಲಿ ದೇಹದ ಭಾರ ಸೀಟು, ಹ್ಯಾಂಡಲ್, ಪೆಡಲ್ ಮೂರಕ್ಕೂ ಹಂಚಿಹೋಗುತ್ತದೆ. ನೋವಾದರೆ ಪೆಡಲ್ ಮೇಲೆ ಎದ್ದು ನಿಲ್ಲಬಹುದು. ಒರಗು ಸೈಕಲ್ಲಿನ ಸೀಟು ಅಗಲವಾಗಿದೆ, ಬೆನ್ನಿಗೆ ಆಸರೆಯೂ ಇದೆ. ಆದರೆ ಎದ್ದು ನಿಲ್ಲುವ ದಾರಿಯಿಲ್ಲ. ಕಾಲನ್ನು ಮುಂದಕ್ಕೆ ನೂಕುವಾಗ ತೊಡೆಯ ಜೊತೆಗೆ ಪೃಷ್ಠದ ದೊಡ್ಡ ಸ್ನಾಯುವೂ ದುಡಿಯುತ್ತದೆ. ನಾವು ಕೂತಿರುವುದೂ ಅದರ ಮೇಲೆಯೇ! ದುಡಿಯುವ ಸ್ನಾಯುವಿಗೆ ಹೆಚ್ಚು ರಕ್ತ ಬೇಕು. ಭಾರದಡಿ ಒತ್ತಿಹೋದಾಗ ಅದು ಸರಿಯಾಗಿ ಸಿಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಉರಿ, ಸೆಳೆತ ಶುರುವಾಗುತ್ತದೆ.

ಆಗ ಮನೆಮಂದಿಗೆ ಹೊಳೆಯುವ ಮೊದಲ ಉಪಾಯ ಇನ್ನೊಂದು ದಿಂಬು. ತೀರ ಮೆತ್ತನೆಯ ಸ್ಪಂಜು ಭಾರಕ್ಕೆ ಪೂರ್ತಿ ಕುಸಿದು ಮೂಳೆ ತಳಕ್ಕೆ ತಾಗುತ್ತದೆ. ಸುತ್ತಲಿನ ಚರ್ಮ ಬೆವರುತ್ತದೆ. ಬೇಕಾದದ್ದು ಭಾರದ ಹಂಚಿಕೆ, ಮತ್ತು ಆಗಾಗ ಆ ಭಾರದಿಂದ ಬಿಡುವು. ಇವೆರಡನ್ನು ನೆನಪಿಟ್ಟರೆ ಉಳಿದದ್ದು ಸುಲಭ.

ಭಾರ ಹಂಚುವುದು ಹೇಗೆ?

ಮೊದಲು ಬೆನ್ನಾಸರೆಯ ಓರೆ. ಸೀಟು ನೆಟ್ಟಗಿದ್ದಷ್ಟೂ ಭಾರವೆಲ್ಲ ಪೃಷ್ಠಕ್ಕೆ; ಹಿಂದಕ್ಕೆ ಬಾಗಿಸಿದಷ್ಟೂ ಒಂದು ಪಾಲು ಬೆನ್ನಿಗೆ. ಒಮ್ಮೆಗೆ ಸ್ವಲ್ಪವೇ ಬಾಗಿಸಿ, ಎರಡು ಮೂರು ದಿನ ತುಳಿದು ನೋಡಿ. ರಸ್ತೆಯ ಮೇಲೆ ತುಳಿಯುವವರು ಕುತ್ತಿಗೆಗೆ ಶ್ರಮವಾಗದಂತೆ, ಎದುರಿನ ದಾರಿ ಚೆನ್ನಾಗಿ ಕಾಣುವಂತೆ ಮಿತಿ ಇಟ್ಟುಕೊಳ್ಳಬೇಕು.

ಎರಡನೆಯದು ಪೆಡಲಿನ ದೂರ. ಕಾಲು ಪೂರ್ತಿ ಚಾಚಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಪೆಡಲ್ ತೀರ ದೂರವಿದ್ದರೆ ಪ್ರತಿ ಸುತ್ತಿಗೂ ಸೊಂಟ ಅತ್ತಿತ್ತ ಓಲಾಡಿ ಚರ್ಮ ಉಜ್ಜುತ್ತದೆ. ತೀರ ಹತ್ತಿರವಿದ್ದರೆ ಮೊಣಕಾಲಿಗೆ ಒತ್ತಡ. ಆದರೆ ಶಸ್ತ್ರಚಿಕಿತ್ಸೆಯಾದವರು ಈ ದೂರವನ್ನು ತಾವಾಗಿ ಬದಲಿಸಬಾರದು. ಕಾಲು ಎಷ್ಟು ಮಡಚಬೇಕೆಂದು ಲೆಕ್ಕ ಹಾಕಿಯೇ ಫಿಸಿಯೋಥೆರಪಿಯವರು ಅದನ್ನು ಹೊಂದಿಸಿರುತ್ತಾರೆ.

ಮೂರನೆಯದು ಕೂರುವ ರೀತಿ. ಸೀಟಿನ ಮೂಲೆಗೆ ಸೊಂಟ ತಾಗುವಂತೆ ಹಿಂದಕ್ಕೆ ಸರಿದು ಕೂರಿ. ಮುಂದಕ್ಕೆ ಜಾರಿ ಕೂತರೆ ಬೆನ್ನಾಸರೆ ಇದ್ದೂ ಇಲ್ಲದಂತೆ. ಸೀಟಿನ ಮುಂತುದಿ ಸ್ವಲ್ಪ ಎತ್ತರವಿದ್ದರೆ ಜಾರುವುದು ತಪ್ಪುತ್ತದೆ. ನಮ್ಮ ಸೆಕೆಗೆ ಗಾಳಿಯಾಡುವ ಬಲೆಯ ಸೀಟು ಒಳ್ಳೆಯದು. ಹಿಂಜೇಬಿನ ಪರ್ಸು, ಕೀಲಿಕೈ, ದಪ್ಪ ಹೊಲಿಗೆಯ ಜೀನ್ಸ್, ಇವು ಅರ್ಧ ಗಂಟೆಯಲ್ಲೇ ತಮ್ಮ ಗುರುತು ಮೂಡಿಸುತ್ತವೆ!

ಬಿಡುವು

ಹೊಸಬರು ಹತ್ತು ಹದಿನೈದು ನಿಮಿಷದಿಂದ ಆರಂಭಿಸಿ ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಲಿ. ಹೆಚ್ಚು ಹೊತ್ತು ತುಳಿಯುವವರು ಅರ್ಧ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಲಿ. ನಡುವೆ ಪೆಡಲ್ ನಿಲ್ಲಿಸಿ, ಹೆಗಲನ್ನು ಸೀಟಿಗೆ ಒತ್ತಿ, ಪೃಷ್ಠವನ್ನು ಕ್ಷಣಕಾಲ ತುಸು ಎತ್ತಿದರೆ ರಕ್ತ ಹರಿಯುತ್ತದೆ; ಬೆನ್ನುನೋವು ಇದ್ದವರು, ಶಸ್ತ್ರಚಿಕಿತ್ಸೆಯಾದವರು ಇದನ್ನು ಮಾಡುವುದು ಬೇಡ. ಭಾರದ ಗೇರಿನಲ್ಲಿ ಮುಕ್ಕಿರಿದು ತುಳಿದರೆ ದೇಹ ಸೀಟಿಗೆ ಇನ್ನಷ್ಟು ಅದುಮಿಕೊಳ್ಳುತ್ತದೆ. ಹಗುರ ಗೇರಿನಲ್ಲಿ ಚುರುಕಾಗಿ ತುಳಿಯುವುದೇ ಮೇಲು. ಹಂಪು, ಗುಂಡಿ ಬಂದಾಗ ವೇಗ ತಗ್ಗಿಸಲೇಬೇಕು. ಏಕೆಂದರೆ ಆ ಪೆಟ್ಟು ನೇರ ಬೆನ್ನುಮೂಳೆಗೇ ಬೀಳುತ್ತದೆ.

ಎಚ್ಚರಿಕೆ

ಸ್ನಾಯು ದಣಿದ ನೋವು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಆದರೆ ಜೋಮು ಬಿಡದಿದ್ದರೆ, ಸೊಂಟದಿಂದ ಕಾಲಿನ ಹಿಂಬದಿಗೆ ನೋವು ಹರಿದರೆ, ಚರ್ಮ ಕೆಂಪಾಗಿ ಹಾಗೆಯೇ ಉಳಿದರೆ ತುಳಿಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಗಾಯವಾದದ್ದೂ ಗೊತ್ತಾಗದೆ ಇರಬಹುದು. ಅವರು ತುಳಿದ ಬಳಿಕ ಪಾದ, ಕೂರುವ ಜಾಗ ಎರಡನ್ನೂ ನೋಡಿಸಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಕೈಕಾಲು ನೋವನ್ನು ಊರಿಗೆಲ್ಲ ಹೇಳುವ ನಮ್ಮ ಹಿರಿಯರು ಆ ಜಾಗದ ನೋವನ್ನು ಮಗ ಸೊಸೆಯ ಮುಂದೆ ಹೇಳಲು ನಾಚುತ್ತಾರೆ. “ಇವತ್ತು ಬೇಡ, ನಾಳೆ ನೋಡೋಣ” ಎಂದು ಸೈಕಲ್ಲಿನಿಂದ ದೂರವಾಗುತ್ತಾರೆ. ಅದನ್ನು ಸೋಮಾರಿತನವೆಂದು ಗದರಿಸುವ ಮೊದಲು, “ಅಪ್ಪಾ, ಕೂರಲು ನೋವಾಗುತ್ತದೆಯೇ?” ಎಂದು ಕೇಳಿ. ಸೀಟನ್ನು ಸರಿಪಡಿಸುವುದು ಆಮೇಲಿನ ಕೆಲಸ.