ಎರಡನೆಯ ಸಲ ನೋಡಿದಾಗ



ಹೋದ ಸಂಚಿಕೆಯಲ್ಲಿ ಶೇಂಗಾ ಹೋಳಿಗೆ ಹೇಳಿಕೊಟ್ಟವಳು ಈ ಸಲ ಗ್ರಹದ ಸುದ್ದಿ ತೆಗೆದಳಲ್ಲ ಎಂದು ನಗಬೇಡಿ. ಇದು ಜಾತಕದ ಗ್ರಹವಲ್ಲ. ನವಗ್ರಹ ಪೂಜೆಯಲ್ಲಿ ಇದಕ್ಕೆ ಪಾಲಿಲ್ಲ. ಹೆಸರು ಯುರೇನಸ್. ಸೂರ್ಯನ ಸುತ್ತ ಒಂದು ಸುತ್ತು ಬರಲು ಇದಕ್ಕೆ 84 ವರ್ಷ ಬೇಕು. ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂಕು.

2025ರ ದೀಪಾವಳಿ ಮುಗಿದ ವಾರ. ಈ ಗ್ರಹ ಕೃತ್ತಿಕೆಯ ಹತ್ತಿರ ಬಂದಿದೆ ಎಂದು ಪೇಪರಿನಲ್ಲಿ ಓದಿದ್ದೆ. ನಮ್ಮ ಬಾಳೆಹೊಸೂರಿನಲ್ಲಿ ಮಾಳಿಗೆ ಹತ್ತಿದರೆ ಆಕಾಶಕ್ಕೆ ಅಡ್ಡಿಯಿಲ್ಲ. ಮೈದುನ ಮಿಲಿಟರಿಯಿಂದ ತಂದ ದುರ್ಬೀನು ಟ್ರಂಕಿನಲ್ಲಿತ್ತು. ಊಟ, ಮುಸುರೆ ಮುಗಿಸಿ, ಒಂಬತ್ತೂವರೆಗೆ ಮಗಳನ್ನು ಕರೆದುಕೊಂಡು ಮೇಲೆ ಹತ್ತಿದೆ.

ಪೂರ್ವಕ್ಕೆ ಕೃತ್ತಿಕೆಯ ಗೊಂಚಲು. "ಎಷ್ಟು ಚುಕ್ಕಿ ಅದಾವ, ಎಣಿಸು" ಅಂದೆ. ನನಗೆ ಆರು ಕಂಡವು. ಅವಳು ಸುಮ್ಮನೆ ನಿಂತಳು. ಆಮೇಲೆ, "ಅವ್ವಾ, ಚುಕ್ಕಿ ಎಲ್ಲದಾವ? ನನಗ ಬರೇ ಹೊಗಿ ಕಂಡಂಗ ಕಾಣತೈತಿ" ಅಂದಳು.

ನನ್ನ ಎದೆ ಧಸಕ್ಕೆಂದಿತು. ಒಂಬತ್ತನೆಯ ಇಯತ್ತೆಯ ಹುಡುಗಿ. ಗಣಿತದಲ್ಲಿ ಅಂಕ ಇಳಿದವೆಂದು ವರ್ಷವಿಡೀ ಬೈದಿದ್ದೆ. ನನ್ನ ಸೂಜಿಗೆ ದಾರ ಪೋಣಿಸಿಕೊಡುವವಳೇ ಅವಳು. ಕಣ್ಣು ಚಲೋ ಅದಾವ ಎಂದೇ ತಿಳಿದಿದ್ದೆ. ಬೋರ್ಡಿನ ಅಕ್ಷರ ಕಾಣದೆ ಗೆಳತಿಯ ನೋಟಬುಕ್ಕು ನೋಡಿ ಬರೆದುಕೊಳ್ಳುತ್ತಿದ್ದಳಂತೆ.

"ಯಾಕ ಹೇಳಲಿಲ್ಲವಾ?"

"ಚಸ್ಮಾ ಹಾಕಿದ್ರ ಲಗ್ನಾ ಆಗೂದಿಲ್ಲಂತ ಅಜ್ಜಿ ಅಂತಿದ್ಲಲ್ಲಾ."

ಏನು ಹೇಳಲಿ? ದುರ್ಬೀನಿನ ಗಾಲಿ ತಿರುವಿ ಅವಳ ಕಣ್ಣಿಗೆ ಹೊಂದಿಸಿದೆ. "ಅಯ್ಯ, ಇಷ್ಟೊಂದ ಅದಾವ!" ಅಂದಳು. ಕೃತ್ತಿಕೆಯ ಬಲಕ್ಕೆ ಕಂಡ ಚುಕ್ಕಿಗಳನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಳು. ಗ್ರಹ ಯಾವುದೋ ಆ ದಿನ ತಿಳಿಯಲಿಲ್ಲ. ಮುಂದಿನ ವಾರ ಅತ್ತೆಯವರು ಮುಖ ತಿರುವಿದರೂ ಗದಗಿಗೆ ಕರೆದೊಯ್ದು ಕನ್ನಡಕ ಮಾಡಿಸಿದೆ.

ಯುರೇನಸ್ಸಿನ ಕಥೆಯೂ ಹೀಗೇ ನೋಡಿ. 1690ರಲ್ಲೇ ಇಂಗ್ಲೆಂಡಿನ ಫ್ಲಾಮ್‌ಸ್ಟೀಡ್ ಎಂಬವರಿಗೆ ಅದು ಕಂಡಿತ್ತು, ಅದೂ ಇದೇ ವೃಷಭ ರಾಶಿಯಲ್ಲಿ. ನಕ್ಷತ್ರವೆಂದು ಪಟ್ಟಿಗೆ ಸೇರಿಸಿ ಬಿಟ್ಟರು. 1781ರ ಮಾರ್ಚ್ 13ರಂದು ವಿಲಿಯಂ ಹರ್ಷೆಲ್ ಕಂಡರು. ಚುಕ್ಕಿ ಯಾಕೋ ದಪ್ಪಗಿದೆ ಎಂದು ನಾಲ್ಕು ದಿನ ಬಿಟ್ಟು ಮತ್ತೆ ನೋಡಿದರು. ಜಾಗ ಬಿಟ್ಟು ಸರಿದಿತ್ತು! ಮೊದಲು ಧೂಮಕೇತು ಅಂದುಕೊಂಡರೂ ಕಡೆಗೆ ಅದು ಗ್ರಹವೆಂದು ಗೊತ್ತಾಯಿತು. 1977ರ ಮಾರ್ಚ್ 10ರಂದು ಈ ಗ್ರಹ ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಬೆಂಗಳೂರಿನ ಖಗೋಳ ವಿಜ್ಞಾನಿಗಳು ತಮಿಳುನಾಡಿನ ಕಾವಲೂರಿನಲ್ಲಿ ಕಾದು ಕೂತಿದ್ದರು. ಗ್ರಹ ಇನ್ನೂ ದೂರವಿರುವಾಗಲೇ ನಕ್ಷತ್ರ ಕೆಲ ಕ್ಷಣ ಮಂಕಾಯಿತು. ಬೇರೆ ಕಡೆ ನೋಡಿದವರಿಗೂ ಹಾಗೇ ಆಗಿತ್ತು. ಯುರೇನಸ್ಸಿಗೆ ಉಂಗುರಗಳಿವೆ ಎಂದು ತಿಳಿದದ್ದು ಹೀಗೆ.

ನವೆಂಬರ್ 20ರ ಅಮಾವಾಸ್ಯೆಗೆ ಮತ್ತೆ ಮಾಳಿಗೆ ಹತ್ತಿದೆವು. ಕನ್ನಡಕ ಹಾಕಿಕೊಂಡವಳು ಬರಿಗಣ್ಣಿಂದಲೇ ಆರು ಚುಕ್ಕಿ ಎಣಿಸಿದಳು. ಆಮೇಲೆ ದುರ್ಬೀನು ಹಿಡಿದು, ಲೆಕ್ಕದ ಪುಸ್ತಕ ತಾಳೆ ನೋಡಿ ಕೂಗಿದಳು, "ಅವ್ವಾ, ಈ ಒಂದು ಚುಕ್ಕಿ ಸರದೈತಿ!" ತಿಳಿ ಹಸಿರು ಬಣ್ಣದ ಮಂಕು ಚುಕ್ಕಿ. ಕೈ ಚಾಚಿ ಮೂರು ಬೆರಳು ಅಡ್ಡ ಹಿಡಿದರೆ ಎಷ್ಟೋ, ಕೃತ್ತಿಕೆಯಿಂದ ಅಷ್ಟೇ ದೂರ. ಅದನ್ನು ಹಿಡಿದದ್ದು ಅವಳೇ, ನಾನಲ್ಲ.

ನೀವೂ ನೋಡಿರಿ. 2026ರ ಕಾರ್ತಿಕದಲ್ಲಿ ಅದು ಕೃತ್ತಿಕೆಗೂ ರೋಹಿಣಿಗೂ ನಡುವೆ ಇರುತ್ತದೆ. ಬೆಳದಿಂಗಳಿಲ್ಲದ ರಾತ್ರಿ, ದೀಪ ಆರಿಸಿ, ಕಾಲು ಗಂಟೆ ಕಣ್ಣು ಕತ್ತಲಿಗೆ ಹೊಂದಿದ ಮೇಲೆ ನೋಡಬೇಕು. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ. ಮಕ್ಕಳನ್ನು ಕರೆದು ಕೃತ್ತಿಕೆ ಎಣಿಸಲು ಹೇಳಿರಿ. ನಿಮಗೆ ಕಂಡ ಚುಕ್ಕಿ ಅವರಿಗೆ ಕಾಣದಿದ್ದರೆ ಬೈಯಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿರಿ.

ಅತ್ತೆಯವರ ಸಿಟ್ಟು ಏನಾಯಿತೆಂದು ಕೇಳುತ್ತೀರಾ? ಈಗ ಬಸ್ಸು ತಿರುವಿನಲ್ಲಿ ಕಂಡರೆ ಸಾಕು, "ಎಲ್ಲಿ ಗಾಡೀವಾ ಅದು?" ಎಂದು ಮೊಮ್ಮಗಳಿಂದಲೇ ಬೋರ್ಡು ಓದಿಸುತ್ತಾರೆ.